ಒಂಟಿ ಕಾಲಿನ ‘ಬಿಕಾಸ್’

ಹೊಸದಾಗಿ ಇಂಗ್ಲಿಷ್ ಮೇಷ್ಟರಾಗಿ ಸೇರಿದವರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ‘ಸಾರ್, ಗ್ರಾಮರ್ ಎಲ್ಲಿಂದ ಶುರು ಮಾಡಬೇಕು?’ ಮೂವತ್ತು ವರ್ಷಕ್ಕೂ ಮೇಲೆ ಅದನ್ನೇ ಮಾಡಿದವನಿಗೆ ಉತ್ತರ ಗೊತ್ತಿರಬೇಕು. ಗೊತ್ತೂ ಇದೆ. ಆದರೆ ಆ ಉತ್ತರ ನನ್ನದಲ್ಲ. ನಾಗರತ್ನ ಎಂಬ ಅತಿಥಿ ಶಿಕ್ಷಕಿಯದು. ಅವರು ಅದನ್ನು ಒಂದೇ ಒಂದು ವರ್ಷ ನಮ್ಮ ಶಾಲೆಯಲ್ಲಿ ಕಲಿಸಿದರು. ಎರಡನೆಯ ವರ್ಷ ಅವರು ಅಲ್ಲಿ ಇರದಂತೆ ಮಾಡಿದವನು ನಾನು. ಆದ್ದರಿಂದ ಗ್ರಾಮರ್ ಎಲ್ಲಿಂದ ಶುರು ಮಾಡಬೇಕು ಎಂದು ಹೇಳಹೊರಟರೆ ಇದನ್ನೂ ಹೇಳದೆ ವಿಧಿಯಿಲ್ಲ.

ನನ್ನ ನೆನಪನ್ನು ನಾನು ಅಷ್ಟಾಗಿ ನಂಬುವುದಿಲ್ಲ. ವರ್ಷಕ್ಕೊಂದರಂತೆ ದಿನಚರಿಗಳನ್ನು ಬರೆದಿಟ್ಟಿದ್ದೇನೆ. ಅವನ್ನೂ ಪೂರ್ತಿ ನಂಬುವಂತಿಲ್ಲ, ಬರೆದವನೂ ನಾನೇ ತಾನೆ. ಎರಡೂ ಒಪ್ಪಿದ ಕಡೆ ಧೈರ್ಯವಾಗಿ ಬರೆಯುತ್ತೇನೆ. ಒಪ್ಪದ ಕಡೆ ಒಪ್ಪಲಿಲ್ಲ ಎಂದು ಹೇಳುತ್ತೇನೆ.

ನನ್ನ ಮೊದಲ ಶಾಲೆ ಮರಳವಾಡಿಯ ಕಡೆಗಿತ್ತು. ಮೈಸೂರಿನಲ್ಲಿ ಇಂಗ್ಲಿಷ್ ಎಂ.ಎ. ಮುಗಿಸಿ, ಬಿ.ಎಡ್. ಮಾಡಿಕೊಂಡು ಬಂದಿದ್ದೆ. ಹೈಸ್ಕೂಲಿನಲ್ಲಿ ಆಗ ಎಂ.ಎ. ಆದವರು ಅಪರೂಪ. ಹಾಜರಿ ಪುಸ್ತಕದಲ್ಲಿ ಸಹಿ ಮಾಡುವಾಗಲೂ ಆ ಎರಡಕ್ಷರವನ್ನು ಬಿಡುತ್ತಿರಲಿಲ್ಲ. ಪಾಠ ಮಾತ್ರ ನನಗೆ ನನ್ನ ಮೇಷ್ಟರು ಮಾಡಿದ್ದನ್ನೇ ಮಾಡುತ್ತಿದ್ದೆ. ಎಂಟು ಪದವರ್ಗಗಳನ್ನು ಮಗ್ಗಿಯಂತೆ ಹೇಳಿಸುವುದು. ನೌನ್, ಪ್ರೋನೌನ್, ವರ್ಬ್ ಎಂದು ಶುರುವಾಗಿ ಇಂಟರ್‌ಜೆಕ್ಷನ್‌ಗೆ ಬರುವ ಹೊತ್ತಿಗೆ ಮಕ್ಕಳ ದನಿ ರಸ್ತೆಯವರೆಗೆ ಕೇಳುತ್ತಿತ್ತು. ಅದನ್ನು ಕೇಳಿ ಊರಿನವರು ‘ಹೊಸ ಮೇಷ್ಟ್ರು ಜೋರು’ ಎನ್ನುತ್ತಿದ್ದರು. ನನಗೂ ಹಾಗೇ ಅನ್ನಿಸಿತ್ತು.

ಒಂದು ಸಲ ವಿಷಯ ಪರಿವೀಕ್ಷಕರು ಬಂದರು. ಬಿಳಿ ಪ್ಯಾಂಟು, ತೆಳ್ಳಗೆ ಕತ್ತರಿಸಿದ ಮೀಸೆ, ಮಾತು ಕಡಿಮೆ. ಮೂರನೇ ಬೆಂಚಿನ ಹುಡುಗನನ್ನು ಎಬ್ಬಿಸಿ ಕಂಜಂಕ್ಷನ್ ಎಂದರೇನು ಎಂದು ಕೇಳಿದರು. ಅವನು ಉಸಿರು ಬಿಡದೆ ಒಪ್ಪಿಸಿದ: ಪದಗಳನ್ನೋ ವಾಕ್ಯಗಳನ್ನೋ ಸೇರಿಸುವ ಪದವೇ ಕಂಜಂಕ್ಷನ್.

‘ಗುಡ್. ಒಂದನ್ನು ಬಳಸಿ ಹೇಳು.’

ಹುಡುಗ ನನ್ನ ಮುಖ ನೋಡಿದ. ಆಮೇಲೆ ಅದೇ ವ್ಯಾಖ್ಯೆಯನ್ನು ಮತ್ತೆ ಹೇಳಿದ, ಮೊದಲಿಗಿಂತ ಗಟ್ಟಿಯಾಗಿ. ಸಾಹೇಬರಿಗೆ ಕಿವಿ ಮಂದ ಎಂದುಕೊಂಡನೋ ಏನೋ. ಅವರು ನಗಲಿಲ್ಲ. ಸಂದರ್ಶಕರ ಪುಸ್ತಕದಲ್ಲಿ ‘ಮಕ್ಕಳು ಚೆನ್ನಾಗಿ ಹೇಳುತ್ತಾರೆ’ ಎಂದು ಬರೆದು ಹೋದರು. ಅದನ್ನು ನಾನು ಹತ್ತು ಹನ್ನೆರಡು ವರ್ಷ ಹೊಗಳಿಕೆ ಎಂದೇ ತಿಳಿದಿದ್ದೆ.

ಅದೇ ಶಾಲೆಯಲ್ಲಿ ಒಬ್ಬ ಹುಡುಗಿ ಒಂದು ದಿನ ಎದ್ದು ನಿಂತು, ‘ಸಾ, ಉಂಡು ಕೈ ತೊಳ್ಕಂಡು ಬಂದೆ ಅಂತೀವಲ್ಲ, ಅದ್ರಾಗೆ ಸೇರ್ಸೋ ಪದ ಎಲ್ಲೈತೆ?’ ಎಂದು ಕೇಳಿದಳು. ‘ಇದು ಕನ್ನಡ ಪೀರಿಯಡ್ ಅಲ್ಲ, ಕೂತ್ಕೋ’ ಎಂದೆ. ಕನ್ನಡ ಕ್ರಿಯಾಪದವನ್ನೇ ಬಗ್ಗಿಸಿ ಒಂದಕ್ಕೊಂದು ಹೊಸೆಯುತ್ತದೆ. ಇಂಗ್ಲಿಷ್ ನಡುವೆ ಒಂದು ಪದವನ್ನು ತಂದು ನಿಲ್ಲಿಸುತ್ತದೆ. ನಮ್ಮ ಮಕ್ಕಳು ಎಡವುವುದು ಸರಿಯಾಗಿ ಅಲ್ಲೇ. ಆ ಹುಡುಗಿ ಅದನ್ನು ನನ್ನ ಕೈಗೇ ಕೊಟ್ಟಿದ್ದಳು. ದಿನಚರಿಯಲ್ಲಿ ಈ ಪ್ರಸಂಗ ಇಲ್ಲ. ನಿಜಕ್ಕೂ ಆಕೆ ಕೇಳಿದಳೋ, ಬಹಳ ತಡವಾಗಿ ಹೊಳೆದದ್ದನ್ನು ನಾನೇ ಆಕೆಯ ಬಾಯಲ್ಲಿ ಇಟ್ಟಿದ್ದೇನೋ, ಖಚಿತವಾಗಿ ಹೇಳಲಾರೆ.

ಮುಂದಿನ ವರ್ಷಗಳಲ್ಲಿ ವಿಧಾನಗಳು ಬದಲಾಗುತ್ತಲೇ ಹೋದವು. ರಾಮನಗರದ ತರಬೇತಿಯೊಂದರಲ್ಲಿ ‘ಇನ್ನು ಮುಂದೆ ಗ್ರಾಮರ್ ಎಂಬ ಮಾತೇ ಎತ್ತಬೇಡಿ, ಮಕ್ಕಳು ಮಾತಾಡುತ್ತಾ ಕಲಿಯುತ್ತಾರೆ’ ಎಂದರು. ನಾಲ್ಕು ವರ್ಷದ ಮೇಲೆ ಅದೇ ಕೊಠಡಿಯಲ್ಲಿ, ಬಹುಶಃ ಅದೇ ಕುರ್ಚಿಗಳಲ್ಲಿ ಕೂರಿಸಿ, ‘ಗ್ರಾಮರ್ ಬಿಟ್ಟರೆ ಅಂಕ ಬರುವುದಿಲ್ಲ, ಗೆರೆ ಎಳೆದ ಪದದ ಪದವರ್ಗ ಗುರುತಿಸುವ ಪ್ರಶ್ನೆ ಬರುತ್ತದೆ’ ಎಂದರು. ನಾವು ಎರಡಕ್ಕೂ ತಲೆಯಾಡಿಸಿ, ಊಟ ಮಾಡಿ, ಬಸ್ ಹಿಡಿದು, ಮರುದಿನ ಹಳೆಯದನ್ನೇ ಮಾಡಿದೆವು. ‘ಎಲ್‌ವೈ’ ಇಂದ ಮುಗಿದರೆ ಆಡ್‌ವರ್ಬ್ ಅಂತ ಟಿಕ್ ಹಾಕಿ ಎನ್ನುವಂಥ ಅಡ್ಡದಾರಿಗಳನ್ನು ನಾನೂ ಕಲಿಸಿದ್ದೇನೆ.

ನಾನು ಬಹಳ ಹೆಮ್ಮೆಪಟ್ಟದ್ದು ಒಂದು ಚಾರ್ಟಿನ ಬಗ್ಗೆ. ಕುದೂರಿನ ಕಡೆಯ ಶಾಲೆಗೆ ಬಂದ ಮೇಲೆ ಮಾಗಡಿಯಲ್ಲಿ ಬೋರ್ಡು ಬರೆಯುವವರಿಂದ ಅದನ್ನು ಬರೆಸಿದೆ. ಎಂಟು ದಳದ ಕಮಲ, ದಳಕ್ಕೊಂದು ಪದವರ್ಗ, ಒಳಗೆ ಉದಾಹರಣೆಗಳು. ತಾಲ್ಲೂಕಿನ ಬೋಧನೋಪಕರಣ ಪ್ರದರ್ಶನದಲ್ಲಿ ಅದಕ್ಕೆ ಬಹುಮಾನ ಬಂತು. ವಾಪಸ್ ತಂದು ಸ್ಟಾಫ್ ರೂಮಿನ ಗಾಜಿನ ಬೀರುವಿನಲ್ಲಿ ಇಟ್ಟೆವು. ನಮ್ಮಲ್ಲಿ ಅದೊಂದು ಪದ್ಧತಿ. ಚೆನ್ನಾಗಿರುವ ಉಪಕರಣವನ್ನು ದಾಸ್ತಾನು ಪುಸ್ತಕಕ್ಕೆ ಏರಿಸಿ, ಬೀರುವಿಗೆ ಹಾಕಿ, ಬೀಗ ಹಾಕುತ್ತೇವೆ. ಸಾಹೇಬರು ಬಂದಾಗ ತೆಗೆದು ತೋರಿಸುತ್ತೇವೆ. ಮಕ್ಕಳ ಕೈಗೆ ಕೊಟ್ಟರೆ ಹಾಳಾಗುತ್ತದೆ ಎಂಬ ಭಯ. ಹೊಸಬರು ಸೇರಿದ ಶಾಲೆಯಲ್ಲೂ ಅಂಥದೊಂದು ಬೀರು ಇರುತ್ತದೆ, ಹೋಗಿ ನೋಡಿ. ಅದರ ಬೀಗದ ಕೈ ನಮ್ಮ ಶಾಲೆಯಲ್ಲಿ ನನ್ನ ಹತ್ತಿರ ಇರುತ್ತಿತ್ತು.

ನಾಗರತ್ನ ಬಂದದ್ದು ಅಲ್ಲಿಗೆ. ಹತ್ತನೇ ತರಗತಿ ಎರಡು ವಿಭಾಗವಾಯಿತು. ‘ಎ’ ನನ್ನದು, ಓದುವ ಮಕ್ಕಳು. ಉಳಿದವರನ್ನೆಲ್ಲ ‘ಬಿ’ಗೆ ಹಾಕಿ, ಅತಿಥಿ ಶಿಕ್ಷಕಿ ಎಂದು ಅವರನ್ನು ತೆಗೆದುಕೊಂಡರು. ಮೂವತ್ತರ ಒಳಗಿನ ವಯಸ್ಸು, ಬಿ.ಎ., ಬಿ.ಎಡ್., ಚನ್ನಪಟ್ಟಣದವರು. ತಂದೆ ಲೇತ್ ಮೇಲೆ ಮರದ ಬೊಂಬೆ ಕಡೆಯುವವರು. ಅತಿಥಿ ಶಿಕ್ಷಕರ ಕೆಲಸ ಆ ವರ್ಷಕ್ಕಷ್ಟೆ. ಮುಂದಿನ ಜೂನ್‌ನಲ್ಲಿ ಮತ್ತೆ ಕರೆಯುತ್ತಾರೋ ಇಲ್ಲವೋ ಎಂಬುದು ಹೆಡ್‌ಮಾಸ್ಟರು ಮತ್ತು ಶಾಲಾ ಸಮಿತಿಯ ಮನಸ್ಸು. ನಾಗರತ್ನ ಮೊದಲ ವಾರದಲ್ಲೇ ನನ್ನ ಬಳಿ, ‘ಸಾರ್, ನಂಗೆ ಪಾಠ ಮಾಡೋದು ಬಿಟ್ರೆ ಬೇರೆ ಏನೂ ಇಷ್ಟ ಇಲ್ಲ. ಮುಂದಿನ ವರ್ಷಾನೂ ಇಲ್ಲೇ ಇರ್ಬೇಕು, ಏನಾದ್ರೂ ತಪ್ಪಿದ್ರೆ ಮೊದಲೇ ಹೇಳ್ಬಿಡಿ’ ಎಂದಿದ್ದರು. ಆಗಲಮ್ಮ ಎಂದಿದ್ದೆ. ಇದು ದಿನಚರಿಯಲ್ಲಿದೆ.

ಒಂದು ತಿಂಗಳಾದ ಮೇಲೆ ನಮ್ಮ ಗಣಿತದ ಗಿರಿಯಪ್ಪ ಸ್ಟಾಫ್ ರೂಮಿನಲ್ಲಿ ಎಲ್ಲರ ಮುಂದೆ ಕೆಣಕಿದ. ವಯಸ್ಸಿನಲ್ಲಿ ನನಗಿಂತ ತುಂಬ ಚಿಕ್ಕವನು, ಬಾಯಿ ದೊಡ್ಡದು. ನನ್ನನ್ನು ಕರೆಯುತ್ತಿದ್ದುದೇ ‘ಎಂಎ ಸಾ’ ಎಂದು.

‘ಎಂಎ ಸಾ, ಒಸಿ ಕಿಟಕಿ ಮುಚ್ಚುಸ್ಕಳಿ. ನಿಮ್ ಎ ಸೆಕ್ಷನ್ ಹೈಕ್ಳು ಪಕ್ಕದ್ ರೂಮಿನ್ ಪಾಠ ಕೇಳ್ಕಂಡು ಕುಂತವೆ.’

‘ಅಲ್ಲೇನು ಪಾಠ ನಡೀತದಾ, ಜಾತ್ರೆ ನಡೀತದಾ?’ ಎಂದೆ.

‘ಜಾತ್ರೇನೇ ಇರ್ಲಿ ಬುಡಿ ಸಾ. ಜನ ಎಲ್ಲಿ ಸೇರ್ತಾರೆ ನೋಡಿ.’

ಎಲ್ಲರೂ ನಕ್ಕರು. ನಾನೂ ನಕ್ಕೆ. ಮರುದಿನ ಹಿರಿಯ ಶಿಕ್ಷಕ ಕಿರಿಯರ ಪಾಠ ನೋಡಬೇಕು ಎಂಬ ನೆಪ ಮಾಡಿಕೊಂಡು ಬಿ ವಿಭಾಗದ ಹಿಂದಿನ ಬೆಂಚಿನಲ್ಲಿ ಹೋಗಿ ಕುಳಿತೆ.

ಮೇಜಿನ ಮೇಲೆ ಹಾಲೆಮರದ ರೈಲಿನ ಡಬ್ಬಿಗಳು. ಅರಗಿನ ಬಣ್ಣ ಸರಿಯಾಗಿ ಕೂರದೆ ಮಾರಾಟಕ್ಕೆ ಬಾರದ್ದನ್ನು ಅವರ ತಂದೆ ಕೊಟ್ಟಿದ್ದರಂತೆ. ಪ್ರತಿ ಡಬ್ಬಿಯ ಮೇಲೆ ಒಂದು ಸೀಳು, ಅದರಲ್ಲಿ ವಾಕ್ಯ ಬರೆದ ರಟ್ಟಿನ ಚೀಟಿ ಸಿಕ್ಕಿಸಬಹುದು. ಕೆಲವು ಡಬ್ಬಿಗಳಿಗೆ ನಾಲ್ಕು ಗಾಲಿ. ಅವು ತಮ್ಮಷ್ಟಕ್ಕೆ ತಾವು ಉರುಳುತ್ತವೆ. ಬೇಕಾದರೆ ಎರಡನ್ನು ಒಂದು ಬಿಡಿ ಕೊಂಡಿಯಿಂದ ಸೇರಿಸಬಹುದು. ಆ ಕೊಂಡಿಯ ಮೇಲೆ ‘ಅಂಡ್’, ‘ಬಟ್’, ‘ಆರ್’ ಎಂದು ಬರೆದಿತ್ತು. ಇನ್ನು ಕೆಲವಕ್ಕೆ ಹಿಂದೆ ಮಾತ್ರ ಎರಡು ಗಾಲಿ. ಮುಂದೆ ಗಾಲಿಯಿಲ್ಲ, ಒಂದು ಕೊಕ್ಕೆ ಅಂಟಿಸಿದೆ. ಕೊಕ್ಕೆಯ ಮೇಲೆ ‘ಬಿಕಾಸ್’, ‘ಇಫ್’, ‘ವೆನ್’, ‘ಆಲ್ದೋ’.

ನಾಗರತ್ನ ‘ಬಿಕಾಸ್ ಇಟ್ ರೇನ್ಡ್’ ಎಂಬ ಡಬ್ಬಿಯನ್ನು ಒಂಟಿಯಾಗಿ ಮೇಜಿನ ಮೇಲೆ ಬಿಟ್ಟರು. ಅದು ಟಪ್ ಎಂದು ಮುಂದಕ್ಕೆ ಬಿತ್ತು.

‘ಮೇಡಂ, ಮೂತಿ ಊರ್ಬುಡ್ತು!’ ಎಂದು ಮಕ್ಕಳು ಕೂಗಿದರು.

‘ಯಾಕ್ ಬಿತ್ತು?’

ಪವಿತ್ರ ಎಂಬ ಹುಡುಗಿ ಎದ್ದಳು. ಒಂಬತ್ತನೇ ತರಗತಿಯಲ್ಲಿ ನನ್ನ ಮುಂದೆ ವರ್ಷವಿಡೀ ಬಾಯಿ ಬಿಡದೆ ಕೂತಿದ್ದವಳು. ‘ನಮ್ಮಪ್ಪ ಟ್ರಾಕ್ಟ್ರು ಬುಚ್ಚಿದ್ರೆ ಟ್ರೈಲ್ರು ಹಿಂಗೇ ಬೀಳ್ತದೆ ಮೇಡಂ. ಅದಕ್ಕೆ ಎಳ್ಯೋದು ಬೇಕು.’

‘ಹಂಗಾದ್ರೆ ಎಳ್ಯೋ ಗಾಡಿ ತಂದ್ ಸಿಗಿಸು.’

ಅವಳು ‘ವಿ ಸ್ಟೇಯ್ಡ್ ಹೋಮ್’ ಎಂಬ ನಾಲ್ಕು ಗಾಲಿಯ ಡಬ್ಬಿಯನ್ನು ತಂದು ಸಿಕ್ಕಿಸಿದಳು. ಎರಡೂ ಸೇರಿ ಮೇಜಿನ ತುದಿಯವರೆಗೆ ಓಡಿದವು.

ಒಂದು ವಾಕ್ಯ ತಾನೇ ನಿಲ್ಲುತ್ತದೆ, ಇನ್ನೊಂದು ಆಸರೆ ಇಲ್ಲದೆ ನಿಲ್ಲುವುದಿಲ್ಲ. ಕಂಜಂಕ್ಷನ್‌ನಲ್ಲಿ ಎರಡು ಬಗೆ. ಇದನ್ನು ನಾನು ಎಂ.ಎ. ತರಗತಿಯಲ್ಲಿ ದಪ್ಪ ಪುಸ್ತಕಗಳಿಂದ ಓದಿದ್ದೆ, ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದಿದ್ದೆ. ಅದು ಬೀಳುವುದನ್ನು ನೋಡಿರಲಿಲ್ಲ. ಪಾಠದ ಕೊನೆಯಲ್ಲಿ ಒಬ್ಬ ಹುಡುಗ ‘ವಾಟರ್’ ಎಂಬ ಚೀಟಿ ಹಿಡಿದು ಇದು ನೌನ್ ತಾನೆ ಎಂದ. ಅದಕ್ಕೆ ನಾಗರತ್ನ, ‘ವಾಟರ್ ದ ಪ್ಲಾಂಟ್ಸ್, ಗಿಡಕ್ಕೆ ನೀರು ಹಾಕು, ಅಂದ್ರೆ? ಪದಕ್ಕೆ ಹುಟ್ಟಿದ ಜಾತಿ ಅಂತ ಇಲ್ಲ ಕಣ್ರೋ, ಈ ವಾಕ್ಯದಲ್ಲಿ ಏನ್ ಕೆಲಸ ಮಾಡ್ತಿದೆ ನೋಡಿ’ ಎಂದರು. ನನ್ನ ಕಮಲದ ಚಾರ್ಟಿನಲ್ಲಿ ‘ವಾಟರ್’ ನಾಮಪದದ ದಳದಲ್ಲಿ ಎಣ್ಣೆ ಬಣ್ಣದಲ್ಲಿ ಶಾಶ್ವತವಾಗಿ ಕೂತಿತ್ತು.

ಆ ಸಂಜೆಯ ದಿನಚರಿ: ‘10 ಬಿ ಪಾಠ ವೀಕ್ಷಣೆ. ಪರವಾಗಿಲ್ಲ. ಗಲಾಟೆ ಜಾಸ್ತಿ.’ ಅಷ್ಟೇ. ನೆನಪಿನಲ್ಲಿರುವುದು ಬೇರೆ. ಬಸ್ಸಿನಲ್ಲಿ ಕೂತು ನಾನು ಅವರ ಪಾಠದಲ್ಲಿ ತಪ್ಪು ಹುಡುಕುತ್ತಿದ್ದೆ. ‘ಸ್ಟೇಯ್ಡ್’ ಉಚ್ಚಾರ ಸರಿಯಿರಲಿಲ್ಲ ಎಂಬುದೊಂದು ಸಿಕ್ಕಿತು. ಮಾಗಡಿ ಬರುವವರೆಗೆ ಅದನ್ನೇ ಚಪ್ಪರಿಸಿದೆ.

ಇನ್ನೊಬ್ಬರ ಏಳಿಗೆ ಕಂಡು ಹೊಟ್ಟೆ ಉರಿಯುವುದು ನಮ್ಮ ಕೆಲಸದಲ್ಲಿ ಹೊಸದಲ್ಲ. ಬಡ್ತಿ, ವರ್ಗಾವಣೆಗಳಲ್ಲಿ ನಾನೂ ಅದನ್ನು ಕಂಡಿದ್ದೆ, ಅದು ನಾಲ್ಕು ದಿನಕ್ಕೆ ಆರುತ್ತದೆ. ಇದು ಆರಲಿಲ್ಲ. ಅವರಿಗೆ ಏನು ಸಿಕ್ಕಿತ್ತೆಂದು? ವರ್ಷದ ಲೆಕ್ಕದ ಕೆಲಸ, ಕೂರಲು ಸ್ಟಾಫ್ ರೂಮಿನಲ್ಲಿ ಒಂದು ಸ್ಟೂಲು. ಆದರೆ ನನ್ನ ಎ ವಿಭಾಗದ ಮಕ್ಕಳು ಊಟದ ಬಿಡುವಿನಲ್ಲಿ ಬಿ ವಿಭಾಗಕ್ಕೆ ಹೋಗಿ ರೈಲು ಓಡಿಸುತ್ತಿದ್ದರು. ನಾನು ಒಳಗೆ ಬಂದರೆ ಅವರ ಮುಖ ಪಾಠಕ್ಕೆ ಸಿದ್ಧವಾಗುತ್ತಿತ್ತು. ನಾಗರತ್ನ ಅವರನ್ನು ಕಂಡರೆ ಅರಳುತ್ತಿತ್ತು. ನನಗೆ ಬೇಕಾಗಿದ್ದುದು ಅದು. ಅದಕ್ಕೆ ಅರ್ಜಿ ಹಾಕುವ ದಾರಿ ಇರಲಿಲ್ಲ.

ಆಗ ಮಾಡಿದ್ದು ಇದು. ಹೆಡ್‌ಮಾಸ್ಟರ್ ಹೊನ್ನಪ್ಪನವರ ಕೊಠಡಿಗೆ ನಾಗರತ್ನ ಅವರನ್ನೂ ಕರೆಸಿ, ಅವರೆದುರೇ ಹೊಗಳಿದೆ. ‘ಸಾರ್, ಇಂಥ ಉಪಕರಣ ನಾನು ಎಲ್ಲೂ ನೋಡಿಲ್ಲ. ಜಿಲ್ಲಾ ಪ್ರದರ್ಶನಕ್ಕೆ ಕಳಿಸಬೇಕು. ಅಲ್ಲಿವರೆಗೆ ಮಕ್ಕಳ ಕೈಲಿ ಗಾಲಿ ಕಿತ್ತುಹೋದರೆ ಕಷ್ಟ. ದಾಸ್ತಾನಿಗೆ ಏರಿಸಿ ಬೀರುವಿನಲ್ಲಿ ಇಡೋಣ.’

ಹೊನ್ನಪ್ಪನವರು ಒಳ್ಳೆಯವರು, ಹೆದರುಪುಕ್ಕಲರು. ನಿವೃತ್ತಿಗೆ ಹತ್ತಿರವಾಗಿದ್ದರು. ‘ಆಗ್ಲಿ ಬುಡಿ. ಏನಮ್ಮಾ, ನಿಂದೇನಾದ್ರೂ ಅಭ್ಯಂತರ?’

ನಾಗರತ್ನ ಅವರ ಕಣ್ಣಲ್ಲಿ ನೀರಿತ್ತು. ‘ಇಲ್ಲ ಸಾರ್. ಎಂ.ಎ. ಸಾರೇ ಇಷ್ಟು ಹೇಳಿದ್ರಲ್ಲ, ನಮ್ಮಪ್ಪಂಗೆ ಹೇಳ್ತೀನಿ.’

ನೆನಪಿನಲ್ಲಿ ಆ ದಿನ ಜೋರು ಮಳೆ. ದಿನಚರಿಯಲ್ಲಿ ಮಳೆಯಿಲ್ಲ, ‘ಬೋಧನೋಪಕರಣ ಸುರಕ್ಷಿತವಾಗಿ ಇರಿಸಲಾಯಿತು’ ಎಂದಿದೆ. ಜಿಲ್ಲಾ ಪ್ರದರ್ಶನಕ್ಕೆ ನಾನು ಅದರ ಹೆಸರನ್ನು ಕಳಿಸಲೇ ಇಲ್ಲ. ಎರಡು ಸಲ ಅವರು ಬಂದು ಒಂದು ಪೀರಿಯಡ್ಡಿಗೆ ಕೊಡಿ ಎಂದು ಕೇಳಿದರು. ಒಮ್ಮೆ ಹೆಡ್‌ಮಾಸ್ಟರ ಸಹಿ ಬೇಕು ಎಂದೆ, ಇನ್ನೊಮ್ಮೆ ಬೀಗದ ಕೈ ಮನೆಯಲ್ಲಿ ಮರೆತೆ ಎಂದೆ. ಅದು ಜೇಬಿನಲ್ಲೇ ಇತ್ತು. ಮೂರನೆಯ ಸಲ ಅವರು ಕೇಳಲಿಲ್ಲ.

ಅವರು ಸೋತಿರಬೇಕು ಎಂದುಕೊಂಡು ಒಂದು ದಿನ ವರಾಂಡದಲ್ಲಿ ಹಾದುಹೋಗುತ್ತಾ ಕಿಟಕಿಯಲ್ಲಿ ಇಣುಕಿದೆ. ಬೆಂಚುಗಳನ್ನೆಲ್ಲ ಗೋಡೆಗೆ ಸರಿಸಿದ್ದರು. ಮಕ್ಕಳೇ ರೈಲಾಗಿದ್ದರು. ತಾನೇ ನಿಲ್ಲುವ ವಾಕ್ಯ ಹಿಡಿದವರು ಎರಡು ಕಾಲಿನ ಮೇಲೆ. ಆಸರೆ ಬೇಕಾದ ವಾಕ್ಯ ಹಿಡಿದವರು ಒಂಟಿ ಕಾಲಿನ ಮೇಲೆ, ಮುಂದಿನವರ ಹೆಗಲು ಹಿಡಿದುಕೊಂಡು. ಹೆಗಲು ಬಿಟ್ಟರೆ ತೂಗಾಡಿ ಬೀಳಬೇಕು.

‘ನಾನು ಬಿಕಾಸ್ ಆಗಲ್ಲ ಹೋಗಿ ಮೇಡಂ,’ ಎಂದು ಪವಿತ್ರ ರಾಗ ಎಳೆಯುತ್ತಿದ್ದಳು, ‘ನೆನ್ನೇನೂ ನಾನೇ ಬಿಕಾಸು. ಇವತ್ತು ಅಂಡ್ ಆಯ್ತೀನಿ.’

‘ನಿನ್ನಷ್ಟ್ ಚೆನ್ನಾಗಿ ಯಾರೂ ಬೀಳಲ್ಲ ಕಣೇ, ಅದಕ್ಕೇ,’ ಎಂದರು ನಾಗರತ್ನ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಪವಿತ್ರಳೂ ನಕ್ಕಳು.

ಪೂರ್ವಸಿದ್ಧತಾ ಪರೀಕ್ಷೆಗೆ ಬಿ ವಿಭಾಗದ ಕೊಠಡಿಯ ಮೇಲ್ವಿಚಾರಣೆ ನನಗೆ ಬಂತು. ಇಂಗ್ಲಿಷ್ ಪತ್ರಿಕೆ. ಗ್ರಾಮರ್ ಪ್ರಶ್ನೆಗಳ ಹೊತ್ತಿಗೆ ಒಂದು ವಿಚಿತ್ರ ಕಂಡಿತು. ಬೆಂಚಿನ ಕೆಳಗೆ ಮಕ್ಕಳು ಒಂದೊಂದು ಕಾಲನ್ನು ಮೆಲ್ಲಗೆ ಎತ್ತಿ ಇಳಿಸುತ್ತಿದ್ದರು. ಮೊದಲು ಅರ್ಥವಾಗಲಿಲ್ಲ. ಬರೆದ ವಾಕ್ಯ ನಿಲ್ಲುತ್ತದೋ ಇಲ್ಲವೋ ಎಂದು ಕಾಲಿನಲ್ಲಿ ಪರೀಕ್ಷಿಸುತ್ತಿದ್ದರು. ಬೀರುವಿಗೆ ಬೀಗ ಹಾಕಿದ್ದೆ. ಪಾಠ ಅವರ ಮೊಣಕಾಲಿಗೆ ಇಳಿದಿತ್ತು. ಮೂರು ಗಂಟೆ ಆ ಕೊಠಡಿಯಲ್ಲಿ ನಡೆದಾಡಿದೆ. ಇಡೀ ನನ್ನ ಕೆಲಸದ ಬದುಕಿನಲ್ಲಿ ನನ್ನ ಪಾಠ ಯಾವ ಮಗುವಿನ ಮೈಗೂ ಹಾಗೆ ಹತ್ತಿದ್ದನ್ನು ನಾನು ಕಂಡಿರಲಿಲ್ಲ.

ಮೇ ತಿಂಗಳಲ್ಲಿ ಫಲಿತಾಂಶ ಬಂತು. ನನ್ನ ಎ ವಿಭಾಗದಲ್ಲಿ ಇಬ್ಬರು ಇಂಗ್ಲಿಷ್‌ನಲ್ಲಿ ಫೇಲಾದರು. ಬಿ ವಿಭಾಗದಲ್ಲಿ ಒಬ್ಬರೂ ಇಲ್ಲ. ಗಿರಿಯಪ್ಪ, ‘ಎಂಎ ಸಾ, ಮುಂದಿನ್ ವರ್ಸ ನೀವೂ ಒಸಿ ಒಂಟಿ ಕಾಲಲ್ಲಿ ನಿಂತ್ಕಳಿ’ ಎಂದ. ಅವನಿಗೆ ಅದು ತಮಾಷೆ. ನನಗೆ ಆ ಮಾತೇ ದಾರಿ ತೋರಿಸಿತು ಎಂದು ಈಗ ಅನ್ನಿಸುತ್ತದೆ. ಅವನ ಮೇಲೆ ಹೊರಿಸುತ್ತಿಲ್ಲ. ದಾರಿ ಹುಡುಕುತ್ತಿದ್ದವನು ನಾನು.

ಜೂನ್ ಹತ್ತಿರ ಬಂದಾಗ ಹೊನ್ನಪ್ಪನವರು ಕರೆದು, ‘ಸಮಿತಿ ಮುಂದೆ ಇಡ್ಬೇಕು, ಆ ಹುಡುಗಿ ಬಗ್ಗೆ ನಿಮ್ ಅಭಿಪ್ರಾಯ ಎರಡು ಸಾಲು ಬರ್ಕೊಡಿ. ಸುಮ್ನೆ ಫಾರ್ಮಾಲಿಟಿ’ ಎಂದರು. ನಾನು ಬರೆದೆ: ‘ಶ್ರಮಜೀವಿ. ವ್ಯಾಕರಣ ಪಾಠದ ವೇಳೆ ಮಕ್ಕಳನ್ನು ಒಂಟಿ ಕಾಲಿನಲ್ಲಿ ನಿಲ್ಲಿಸುವುದನ್ನು ಕಣ್ಣಾರೆ ಕಂಡಿದ್ದೇನೆ.’

ಒಂದು ಅಕ್ಷರವೂ ಸುಳ್ಳಲ್ಲ. ಮಕ್ಕಳನ್ನು ದಂಡಿಸುವಂತಿಲ್ಲ ಎಂದು ಇಲಾಖೆಯ ಸುತ್ತೋಲೆಗಳು ಮೇಲಿಂದ ಮೇಲೆ ಬರುತ್ತಿದ್ದ ಕಾಲ. ಹೊನ್ನಪ್ಪನವರು ಓದಿ ಕನ್ನಡಕ ತೆಗೆದರು.

‘ಇದೇನ್ರೀ ಇದು? ಶಿಕ್ಷೆ ಕೊಡ್ತಾ ಇದ್ಲಾ?’

ಇಲ್ಲ ಸಾರ್, ಆಟ ಎನ್ನಲು ಒಂದು ಕ್ಷಣ ಸಾಕಿತ್ತು. ‘ನಾನು ಕಂಡದ್ದನ್ನು ಬರೆದಿದ್ದೇನೆ ಸಾರ್’ ಎಂದೆ.

‘ಯಾವೋನಾದ್ರೂ ಪೇರೆಂಟ್ ಕಂಪ್ಲೇಂಟ್ ಕೊಟ್ರೆ ನನ್ ಪೆನ್ಷನ್‌ಗೆ ಬಂತು. ಬ್ಯಾಡಪ್ಪ, ಬ್ಯಾಡ.’

ಆ ಜೂನ್‌ನಲ್ಲಿ ಬೇರೆಯವರು ಬಂದರು. ಇಷ್ಟನ್ನೂ ಮಾಡಿದವನಿಗೆ ನೆಮ್ಮದಿಯಾದರೂ ಸಿಕ್ಕಿತೇ ಎಂದು ಕೇಳಿದರೆ, ಸಿಕ್ಕಿತು. ಸುಮಾರು ಒಂದು ವಾರ. ಆಮೇಲೆ ನಾನೇ ಬೀರುವಿನಿಂದ ರೈಲು ತೆಗೆದು ನನ್ನ ತರಗತಿಗೆ ಒಯ್ದೆ. ಮಕ್ಕಳು ಶಿಸ್ತಾಗಿ ನೋಡಿದರು. ‘ಬಿಕಾಸ್’ ಡಬ್ಬಿ ಬಿದ್ದಾಗ ಯಾರೂ ಕೂಗಲಿಲ್ಲ. ನಾನು ಅದು ಬೀಳುವ ಮೊದಲೇ ಯಾಕೆ ಬೀಳುತ್ತದೆ ಎಂದು ವಿವರಿಸಿಬಿಟ್ಟಿದ್ದೆ. ಹೊಸಬರಿಗೆ ಹೇಳಬೇಕಾದ ಪಾಠದ ಗುಟ್ಟು ಏನಾದರೂ ನನ್ನಲ್ಲಿದ್ದರೆ ಅದು ಇಷ್ಟೇ. ಮೊದಲು ಬೀಳಲು ಬಿಡಿ. ಮಕ್ಕಳು ಕೂಗಲಿ. ವ್ಯಾಖ್ಯೆ ಆಮೇಲೆ.

ನಿವೃತ್ತನಾಗಿ ಎರಡು ವರ್ಷ ಕಳೆದಿತ್ತು. ರಾಮನಗರದ ಮನೆಯಲ್ಲಿದ್ದೆ. ಮೇ ಕೊನೆಯಲ್ಲಿ ಒಂದು ಬೆಳಿಗ್ಗೆ ಗಿರಿಯಪ್ಪನ ಫೋನು. ಅವನೇ ಈಗ ಆ ಶಾಲೆಯ ಪ್ರಭಾರಿ ಮುಖ್ಯ ಶಿಕ್ಷಕ.

‘ಸಾ, ನಾಗರತ್ನ ಮೇಡಂ ಗ್ಯಪ್ತಿ ಐತಾ? ಗೆಸ್ಟ್ ಟೀಚರ್‌ಗೆ ಮತ್ತೆ ಅರ್ಜಿ ಹಾಕವ್ರೆ. ಮದ್ವೆಯಾಗಿ ಇಲ್ಲೇ ಕುದೂರಿಗ್ ಬಂದವ್ರೆ. ಇಷ್ಟು ದಿನ ಬಿಡದಿ ಕಡೆ ಫ್ಯಾಕ್ಟ್ರೀಲಿ ಪಾರ್ಟ್ಸ್ ಚೆಕಿಂಗ್ ಮಾಡ್ತಿದ್ರಂತೆ.’

‘ಮಾಡಲಿ, ತಗೋ,’ ಎಂದೆ.

‘ತಗಬೋದು ಸಾ. ಅರ್ಜಿ ಎರಡು ಬಂದವೆ, ಮಾರ್ಕ್ಸೂ ಹೆಚ್ಚುಕಮ್ಮಿ ಒಂದೇ. ಆದ್ರೆ ಹಳೇ ಫೈಲಲ್ಲಿ ನಿಮ್ದೊಂದು ಕಾಗ್ದ ಐತೆ. ಒಂಟಿ ಕಾಲಲ್ಲಿ ನಿಲ್ಲುಸ್ತಿದ್ರು ಅಂತ. ಸಮಿತಿಯೋರು ಇದನ್ನ ನೋಡುದ್ರೆ ಬುಡ್ತಾರಾ?’ ದನಿ ತಗ್ಗಿಸಿ ಕೇಳಿದ, ‘ಅದು ಆಟ ಅಲ್ವಾ ಸಾ? ನಾನೂ ನೋಡಿದ್ನಲ್ಲ.’

‘ಆಟ.’

‘ಮತ್ಯಾಕ್ ಸಾ ಹಂಗ್ ಬರುದ್ರಿ?’

ಕಾಗದವನ್ನು ಹರಿದು ಹಾಕಬಹುದಲ್ಲ ಎಂದು ಹೇಳಲು ಬಾಯಿಗೆ ಬಂದಿತ್ತು, ಅದನ್ನೂ ಒಪ್ಪಿಕೊಳ್ಳುತ್ತೇನೆ. ಫೈಲಿಗೆ ಸೇರಿದ ಕಾಗದಕ್ಕೆ ಪುಟಸಂಖ್ಯೆ ಬಿದ್ದಿರುತ್ತದೆ, ತೆಗೆಯುವಂತಿಲ್ಲ. ಬರೆದದ್ದನ್ನು ಇನ್ನೊಂದು ಬರೆದೇ ಅಳಿಸಬೇಕು. ಮರುದಿನವೇ ಮಾಗಡಿಗೆ ಬಸ್ ಹತ್ತಿ, ಅಲ್ಲಿಂದ ಕುದೂರಿನ ಬಸ್ ಹಿಡಿದೆ.

ಗಿರಿಯಪ್ಪ ಬಿಳಿ ಹಾಳೆ ಕೊಟ್ಟು ಟೀ ತರಿಸಿದ. ನಾನು ‘ಅಂದು ತಪ್ಪು ತಿಳುವಳಿಕೆಯಿಂದ’ ಎಂದು ಶುರು ಮಾಡಿದೆ. ಅವನು ಹೆಗಲ ಮೇಲಿಂದ ಓದಿ, ‘ಅಷ್ಟೇ ಸಾ, ಸಾಕು’ ಎಂದ. ಪೆನ್ನು ಮುಂದಕ್ಕೆ ಹೋಗಲಿಲ್ಲ. ನನಗೆ ತಪ್ಪು ತಿಳುವಳಿಕೆ ಏನೂ ಇರಲಿಲ್ಲ. ಆ ಆಟ ಏನೆಂದು ಶಾಲೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ತಿಳಿದಿದ್ದವನು ನಾನೇ. ಆ ಹಾಳೆಯನ್ನು ಮಡಿಸಿ ಜೇಬಿಗೆ ಹಾಕಿಕೊಂಡು ಇನ್ನೊಂದು ಕೇಳಿದೆ.

‘ಅದು ಶಿಕ್ಷೆಯಾಗಿರಲಿಲ್ಲ, ಪಾಠದ ಆಟವಾಗಿತ್ತು. ರೈಲಿನ ಉಪಕರಣವನ್ನು ನಾನು ಬೀರುವಿನಲ್ಲಿ ಇಟ್ಟು ಕೊಡದೆ ಹೋದ ಕಾರಣ ಆ ಆಟವನ್ನು ಅವರು ಕಂಡುಕೊಂಡಿದ್ದರು. ಇದೆಲ್ಲ ನನಗೆ ಅಂದೇ ಗೊತ್ತಿತ್ತು. ನನಗಿಂತ ಚೆನ್ನಾಗಿ ಕಲಿಸುತ್ತಿದ್ದರೆಂಬ ಹೊಟ್ಟೆಕಿಚ್ಚಿನಿಂದ ಹಾಗೆ ಬರೆದೆ.’

ಗಿರಿಯಪ್ಪ ಟೀ ಲೋಟ ಕೆಳಗಿಟ್ಟ. ‘ಸಾ! ಸರ್ಕಾರಿ ಫೈಲಲ್ಲಿ ಹೊಟ್ಟೆಕಿಚ್ಚು ಅಂತ ಯಾರ್ ಸಾ ಬರೀತಾರೆ?’

‘ಅಸೂಯೆ ಅಂತ ಹಾಕಲೇನಪ್ಪ?’

ಅವನು ನಗಲಿಲ್ಲ. ಹಳೆಯ ಫೈಲನ್ನು ತೆಗೆದು ನನ್ನ ಮುಂದೆ ಇಟ್ಟ.

ಸಹಿ ಹಾಕುತ್ತಿರುವಾಗಲೇ ನಾಗರತ್ನ ಬಾಗಿಲಲ್ಲಿ ನಿಂತಿದ್ದರು. ಮೂಲ ಅಂಕಪಟ್ಟಿ ತೋರಿಸಲು ಬಂದಿದ್ದರು. ನನ್ನನ್ನು ಕಂಡು, ‘ಸಾರ್! ಚೆನ್ನಾಗಿದ್ದೀರಾ?’ ಎಂದು ನಿಜವಾದ ಸಂತೋಷದಿಂದ ಕೇಳಿದರು. ಅದನ್ನು ತಡೆದುಕೊಳ್ಳಲಾಗಲಿಲ್ಲ. ಬರೆದ ಹಾಳೆಯನ್ನೂ ಫೈಲಿನಲ್ಲಿದ್ದ ಹಳೆಯ ಪುಟವನ್ನೂ ಅವರ ಮುಂದೆ ಸರಿಸಿದೆ.

ನಿಂತೇ ಓದಿದರು. ಹಳೆಯದನ್ನು ಒಮ್ಮೆ, ಹೊಸದನ್ನು ಎರಡು ಸಲ.

‘ಹೆಡ್‌ಮಾಸ್ಟ್ರು ಅವತ್ತು ನನಗೆ, ಮಕ್ಕಳನ್ನ ಹಿಂಸೆ ಮಾಡ್ತೀಯಂತಲ್ಲಮ್ಮ ಅಂತಷ್ಟೇ ಅಂದ್ರು ಸಾರ್. ಯಾರು ಹೇಳಿದ್ದು ಅಂತ ಹೇಳ್ಲಿಲ್ಲ.’ ದನಿ ಏರಲಿಲ್ಲ. ‘ನಾನು ಪವಿತ್ರನ ಮನೆಗೇ ಹೋದೆ. ದಿನಾ ಬಿಕಾಸ್ ಆಗಿ ಒಂಟಿ ಕಾಲಲ್ಲಿ ನಿಂತವಳು ಅವಳೇ ಅಲ್ವಾ. ನಿಂಗೆ ಕಾಲು ನೋಯ್ತಿತ್ತೇನೇ, ನಾನು ಗಮನಿಸ್ಲಿಲ್ವಾ ಅಂತ ಕೇಳ್ದೆ. ಅವಳು ಇಲ್ಲ ಮೇಡಂ ಅಂದ್ಲು. ನನ್ ಮುಖ ನೋಡಿ ಹಂಗ್ ಅಂತಿದ್ದಾಳೆ ಅನ್ಕೊಂಡೆ.’

ನಾನು ಏನೋ ಹೇಳಹೊರಟೆ. ಅವರು ಕೇಳಿಸಿಕೊಳ್ಳಲಿಲ್ಲ.

‘ಅರ್ಜಿ ಹಾಕೋಕೂ ಹೆದರಿಕೆ ಸಾರ್ ನಂಗೆ. ನಂಗೇ ಗೊತ್ತಾಗ್ದೆ ಮಕ್ಕಳಿಗೆ ಏನಾದ್ರೂ ಮಾಡ್ಬಿಡ್ತೀನೇನೋ ಅಂತ. ಅದಕ್ಕೇ ಇಷ್ಟು ವರ್ಷ ಬೇರೆ ಸ್ಕೂಲ್ ಕಡೆನೂ ತಲೆ ಹಾಕ್ಲಿಲ್ಲ. ಫ್ಯಾಕ್ಟ್ರೀಲಿ ಪಾರ್ಟ್ಸಿಗೆ ನೋವಾಗಲ್ಲವಲ್ಲ.’

ನಾನು ಅವರ ಒಂದು ವರ್ಷದ ಕೆಲಸವನ್ನು ಕಿತ್ತುಕೊಂಡೆ ಎಂದುಕೊಂಡಿದ್ದೆ. ಅಷ್ಟೇ ಅಲ್ಲ ಎಂದು ಆಗ ತಿಳಿಯಿತು.

ಮರುದಿನದ ಸಭೆಯಲ್ಲಿ ಅವರನ್ನೇ ಆರಿಸಿದರಂತೆ. ಆ ಸುದ್ದಿ ಕೇಳಿದಾಗ ಸಂತೋಷಕ್ಕಿಂತ ಒಂದು ಕ್ಷಣ ಮೊದಲು ಒಳಗೆ ಏನೋ ಚುರ್ ಎಂದದ್ದನ್ನೂ ಇಲ್ಲಿ ಬರೆದುಬಿಡುತ್ತೇನೆ. ಅದು ಇನ್ನೂ ಹೋಗಿಲ್ಲ. ಆದರೆ ಆ ಮಧ್ಯಾಹ್ನ ನಮ್ಮಲ್ಲಿ ಯಾರಿಗೂ ಸಭೆಯ ಯೋಚನೆ ಇದ್ದಂತಿರಲಿಲ್ಲ.

ನಾಗರತ್ನ ನನ್ನ ಹಾಳೆಯನ್ನು ಎತ್ತಿಕೊಂಡು ಗಿರಿಯಪ್ಪನ ಕಡೆ ತಿರುಗಿದರು. ‘ಸಾರ್, ಇದನ್ನ ಒಂದು ಜೆರಾಕ್ಸ್ ಮಾಡಿಸ್ಕೊಂಡ್ ಬತ್ತೀನಿ. ಬಸ್ ಸ್ಟ್ಯಾಂಡ್ ಹತ್ರ ಅಂಗಡಿ ಐತಲ್ಲ.’

‘ಒರಿಜಿನಲ್ಲು ಸಮಿತಿ ಮುಂದೆ ನಾವೇ ಇಡ್ತೀವಿ ಬುಡಿ ಮೇಡಂ. ಜೆರಾಕ್ಸ್ ಯಾರಿಗ್ ತೋರ್ಸಕ್ಕೆ?’

‘ಯಾರಿಗೂ ಅಲ್ಲ ಸಾರ್,’ ಎಂದರು. ‘ನಾನೇ ಒಂದಷ್ಟು ದಿನ ಓದ್ಕೋಬೇಕು.’